ಉಗ್ರಾಣಕ್ಕೆ ಅಡ್ಡ ಕೂತ ಅಜ್ಜಿ

ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ-ನೀರು ಕೊಡುವುದು ನಮ್ಮ ಸೀಮೆಯ ರೂಢಿ. ಬಂದವರು ಕಣ್ಣಿಗೆ ಕಾಣದ ಕ್ರಿಮಿಗಳಾದರೆ ಕೊಡಬಾರದು ಎಂಬುದು ನನಗೆ ತಡವಾಗಿ ತಿಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಮಂಡ್ಯದ ನೀರು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಹಂಗಾಮಿ ಸಹಾಯಕ. ಕಾಲುವೆ ನೀರಿನ ಬ್ಯಾಕ್ಟೀರಿಯಾಗಳನ್ನು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಬೆರೆಸಿದ ಸಾರಿನಲ್ಲಿ ಬೆಳೆಸುವುದು ನನ್ನ ಕೆಲಸ. ಪಾಪ, ದೂರದಿಂದ ಬಂದಿವೆ ಎಂದು ಮರುಗಿ ಒಂದು ಚಿಟಿಕೆ ಗ್ಲೂಕೋಸನ್ನೂ ಹಾಕಿಬಿಟ್ಟೆ.

ಬೆಳಿಗ್ಗೆಯೆಲ್ಲ ಸಾರು ಮಬ್ಬಾಗುತ್ತ ಬಂತು. ಅಂದರೆ ಅವು ಬೆಳೆಯುತ್ತಿದ್ದವು. ಆಮೇಲೆ ನಿಂತೇ ಹೋಯಿತು. ಗ್ಲೂಕೋಸು ಮುಗಿದಿರಬೇಕು, ಸರಿ. ಹಾಲಿನ ಸಕ್ಕರೆ ಎದುರಿಗೇ ಇದೆಯಲ್ಲ, ಅದನ್ನೇಕೆ ಮುಟ್ಟುತ್ತಿಲ್ಲ? ಸಾಹೇಬರು ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು, "ಕೊಂದುಬಿಟ್ಟೆಯಲ್ಲಯ್ಯಾ! ಸಂಜೆಯೊಳಗೆ ಇವು ಬೆಳೆಯದಿದ್ದರೆ ನಾಳೆಯಿಂದ ನೀನು ಬರಬೇಡ" ಎಂದರು. ಕೆಲಸ ಹೋಗುವ ಭಯವೇನೋ ಇತ್ತು. ಆದರೆ ಅವು ಊಟ ಬಿಟ್ಟು ಸುಮ್ಮನೆ ಕೂತದ್ದೇಕೆ ಎಂಬುದೇ ನನ್ನನ್ನು ಹೆಚ್ಚು ಕೊರೆಯುತ್ತಿತ್ತು.

ಊಟಕ್ಕೆ ಮನೆಗೆ ಬಂದರೆ ಅಲ್ಲೂ ಒಲೆ ತಣ್ಣಗಿತ್ತು. ರಾಗಿ ಮುಗಿದಿತ್ತು, ರೇಷನ್ನಿನ ಗೋಧಿ ಬಂದಿತ್ತು. ಆದರೆ ಲಟ್ಟಣಿಗೆ, ಕಾವಲಿ ಎಲ್ಲ ಉಗ್ರಾಣದೊಳಗೆ. ಅದರ ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು, ಕೊಪ್ಪದಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ. "ರಾಗಿ ಇಟ್ಟು ಉಣ್ಣೋ ಮನೇಲಿ ಲಟ್ಟಣಿಗೆ ಯಾಕ್ಲಾ? ಒಳಗೇ ಬಿದ್ದಿರ್ಲಿ, ಬುಡು" ಎಂದಳು. ನಾನು ವಾದಕ್ಕೆ ನಿಂತೆ. ನನ್ನ ಹೆಂಡತಿ ಮೊರದ ತುಂಬ ಗೋಧಿ ತಂದು ಅಜ್ಜಿಯ ಕೈಗಿಟ್ಟು, "ಕಲ್ಲು ಆರಿಸ್ಕೊಡಜ್ಜಿ" ಎಂದಳು. "ಇಲ್ಲಿ ಕತ್ಲೆ ಕಣಮ್ಮ, ಕಲ್ಲು ಕಾಣಾಕಿಲ್ಲ" ಎಂದು ಅಜ್ಜಿ ಮೊರ ಹಿಡಿದು ಜಗಲಿಗೆ ನಡೆದಳು. ಬಾಗಿಲು ತೆರವಾಯಿತು, ಲಟ್ಟಣಿಗೆ ಹೊರಬಂತು.

ಆರಿಸಿದ ಗೋಧಿ ಬೀಸಿ ಚಪಾತಿಯಾಗುವಷ್ಟರಲ್ಲಿ ಹೊತ್ತಾಗಿತ್ತು; ಅರೆಬೆಂದದ್ದನ್ನೇ ನುಂಗಿ ಪ್ರಯೋಗಾಲಯಕ್ಕೆ ಓಡಿದೆ. ಕೊಳವೆಯ ಸಾರು ಬೆಳಿಗ್ಗೆಗಿಂತ ಮಬ್ಬಾಗಿತ್ತು! ಸಾಹೇಬರು ನೋಡಿ, "ಹ್ಞೂ, ನಾಳೆ ಬಾ" ಎಂದರು. ಆ ಸಂತೋಷಕ್ಕೆ ಕ್ರಿಮಿಗಳಿಗೇ ಕೈಮುಗಿದೆ.

ಎಷ್ಟೋ ವರ್ಷಗಳ ಮೇಲೆ ಪುಸ್ತಕವೊಂದರಲ್ಲಿ ಓದಿದೆ. ಹಾಲಿನ ಸಕ್ಕರೆ ಅರಗಿಸುವ ಕಿಣ್ವದ ಜೀನಿಗೆ ಒಂದು ಪ್ರೋಟೀನು ಅಡ್ಡ ಕೂತಿರುತ್ತದಂತೆ. ಅದು ಏಳುವವರೆಗೆ ಜೀನಿನ ನಕಲು ತೆಗೆಯಲಾಗದು, ಕಿಣ್ವವೂ ಹುಟ್ಟದು. ಗ್ಲೂಕೋಸು ಮುಗಿದ ಮೇಲೆ ಆ ಸಕ್ಕರೆಯೇ ಒಳಗೆ ಬಂದು ಪ್ರೋಟೀನಿಗೆ ಅಂಟಿಕೊಂಡರೆ ಅದು ಜಾಗ ಬಿಡುತ್ತದೆ. ಕಿಣ್ವ ತಯಾರಾಗುವ ತನಕ ಕ್ರಿಮಿಗೆ ಉಪವಾಸ.

"ಇದೆಲ್ಲ ನಮ್ಮ ಮನೆಯಲ್ಲೇ ನಡೆದಿತ್ತು ಕಣೇ! ನಾನೇ ಮೊದಲು ಕಂಡುಹಿಡಿಯಬಹುದಿತ್ತು" ಎಂದು ಕೂಗಿದೆ.

"ನಡೀತು, ಯಾರು ಇಲ್ಲ ಅಂದ್ರು?" ಎಂದಳು ಹೆಂಡತಿ. "ಆವಾಗ ನೀವು ತಟ್ಟೆ ಮುಂದೆ ಕೂತ್ಕಂಡು, ಇನ್ನೂ ಎಷ್ಟೊತ್ತೇ ಅಂತ ಕೂಗ್ತಿದ್ರಿ."