ಮೂರು ಸಾವಿರ ಅಡಿ ಮೇಲಿನ ಪಂದ್ಯ

ಪರಮಾನಂದನ ಪಾಡಿಗೆಲ್ಲ ಕಾರಣ ಟೀವಿ. ಎತ್ತರದ ಊರಿನ ಬ್ಯಾಸ್ಕೆಟ್‌ಬಾಲ್ ತಂಡಗಳು ತವರಿನಲ್ಲಿ ಸುಲಭಕ್ಕೆ ಸೋಲುವುದಿಲ್ಲ, ಕೆಳಗಿನಿಂದ ಬಂದವರಿಗೆ ಅಲ್ಲಿನ ತೆಳು ಗಾಳಿಯಲ್ಲಿ ಉಸಿರು ಸಾಲುವುದಿಲ್ಲ ಎಂದು ಅದರಲ್ಲಿ ಯಾರೋ ಹೇಳಿದ್ದರು.

ಬಾಗಲಕೋಟೆಯ ಪರಮಾನಂದ ಪೀಣ್ಯದ ಪಂಪ್ ಕಾರ್ಖಾನೆಯಲ್ಲಿ ಲೇತ್ ಆಪರೇಟರ್, ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾಯಕ. ಆ ಭಾನುವಾರ ಚೆನ್ನೈ ಶಾಖೆಯವರೊಡನೆ ಪಂದ್ಯವಿತ್ತು. ಗೆದ್ದರೆ ಅವನಿಗೆ ನೈಟ್ ಶಿಫ್ಟ್ ತಪ್ಪಿಸುವುದಾಗಿ ಮ್ಯಾನೇಜರ್ ಅಮರಪ್ಪನವರು ಮಾತು ಕೊಟ್ಟಿದ್ದರು.

"ನಾವು ಮೂರು ಸಾವಿರ ಅಡಿ ಮ್ಯಾಲ ಅದೀವಿ. ಅವರು ಸಮುದ್ರದ ದಂಡಿಯವ್ರು. ಸುಮ್ನ ಓಡಿಸ್ರಿ, ತಾವ ಬೀಳ್ತಾರ," ಎಂದು ಪರಮಾನಂದ ಅಮರಪ್ಪನವರ ಮುಂದೆಯೇ ತಂಡಕ್ಕೆ ಹೇಳಿದ.

"ನಾನು ಇಲ್ಲೇ ಹುಟ್ಟಿದೋನು ಗುರು. ನಂಗೇ ಮೆಟ್ಲು ಹತ್ತಿದ್ರೆ ಏದುಸಿರು," ಎಂದ ಪ್ಯಾಕಿಂಗ್ ವಿಭಾಗದ ಶ್ಯಾಮಣ್ಣ.

ಪರಮಾನಂದ ಕೇಳಲಿಲ್ಲ. ಅತಿಥಿಗಳನ್ನು ಮೊದಲೇ ಸುಸ್ತು ಮಾಡಲೆಂದು ಚಹಾವನ್ನು ನಾಲ್ಕನೇ ಮಹಡಿಯ ಟೆರೇಸಿಗೆ ತರಿಸಿದ. ಅತಿಥಿಗಳು ಹಾಡು ಗುನುಗುತ್ತ ಹತ್ತಿದರು. ಚಹಾದ ಪಾತ್ರೆ ಹೊತ್ತ ಶ್ಯಾಮಣ್ಣ ಎರಡನೇ ಮಹಡಿಯಲ್ಲೇ ಕುಕ್ಕರಿಸಿದ.

ಪಂದ್ಯ ಶುರುವಾಯಿತು. "ಓಡ್ರೀ! ನಿಲ್ಲಬ್ಯಾಡ್ರೀ!" ಎಂದು ಪರಮಾನಂದ ಕೂಗಿದ. ಪೀಣ್ಯದವರು ಬಾಲ ಸುಟ್ಟ ಬೆಕ್ಕುಗಳಂತೆ ಓಡಿದರು. ಅರ್ಧ ಆಟ ಮುಗಿಯುವಷ್ಟರಲ್ಲಿ ಅವರ ನಾಲಗೆ ಹೊರಗೆ ಬಂದಿತ್ತು. ಅತಿಥಿಗಳ ಮುಖದಲ್ಲಿ ಬೆವರ ಹನಿಯೂ ಇರಲಿಲ್ಲ. ಪರಮಾನಂದ ಬುಟ್ಟಿಗೆಂದು ಎಸೆದ ಚೆಂಡು ಕ್ಯಾಂಟೀನಿನ ಬೈರಮ್ಮನ ಸಾರಿನ ಪಾತ್ರೆಗೆ ಬಿತ್ತು.

"ನಿನ್ ಓಟಕ್ಕಿಷ್ಟು ಬೆಂಕಿ ಹಾಕ! ಬಡ್ಸೋದು ಏನನ್ನ ಈಗ?" ಎಂದು ಬೈರಮ್ಮ ಸೌಟು ಹಿಡಿದು ಬಂದಳು. ಅಂದು ಪೀಣ್ಯದವರೆಲ್ಲ ನಿಜವಾಗಿ ವೇಗ ತೋರಿಸಿದ್ದು ಆಗಲೇ.

ಪೀಣ್ಯದವರು ಹೀನಾಯವಾಗಿ ಸೋತರು. ಎದುರಾಳಿ ನಾಯಕ ಕೈಕುಲುಕಿ, "ನಿಮ್ಮೂರ ಗಾಳಿ ಎಷ್ಟು ದಪ್ಪ ಅಣ್ಣ! ಓಡಿದಷ್ಟೂ ಉಸಿರು ಸಿಗುತ್ತೆ," ಎಂದ.

"ಚೆನ್ನೈಕಿಂತ ದಪ್ಪ ಐತೇನು?"

"ಚೆನ್ನೈ ನಾನು ಕಂಡೇ ಇಲ್ಲ. ಅವರಿಗೆಲ್ಲ ಜ್ವರ ಅಂತ ಊಟಿ ಶಾಖೆಯ ನಮ್ಮನ್ನ ಕಳ್ಸಿದ್ರು. ನಮ್ಮದು ಏಳು ಸಾವಿರ ಅಡಿ."

ಪರಮಾನಂದ ಅಲ್ಲಿಂದ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಅಮರಪ್ಪನವರು ಮಾತ್ರ ಓಡಿಬಂದು ಅವನನ್ನು ತಬ್ಬಿಕೊಂಡರು.

"ನಿಮ್ಮ ಲೆಕ್ಕ ಅಪ್ಪಟ ಸತ್ಯ ಕಣ್ರೀ! ಎತ್ತರದವರೇ ಗೆದ್ರು. ಊಟೀಲಿ ರಿಟರ್ನ್ ಮ್ಯಾಚ್ ಇದೆ, ನೀವೇ ನಾಯಕರು."

"ಮತ್ತ ನೈಟ್ ಶಿಫ್ಟ್, ಸಾರ್?"

"ಅದು ಇದ್ರೇನೇ ಅನುಕೂಲ. ಶಿಫ್ಟ್ ಬಿಟ್ಟ ಕೂಡ್ಲೇ ದಿನಾ ತಂಡಾನೆಲ್ಲ ಕಟ್ಕೊಂಡು ಶಿವಗಂಗೆ ಬೆಟ್ಟ ಹತ್ತಬಹುದಲ್ಲ!"

ಸೋತರೂ ತನ್ನ ಮಾತು ಗೆದ್ದಿತೆಂದು ಪರಮಾನಂದನಿಗೆ ಒಳಗೊಳಗೇ ಹೆಮ್ಮೆಯಾಯಿತು. ಶ್ಯಾಮಣ್ಣ ಮಾತ್ರ ಆ ಕ್ಷಣದಿಂದಲೇ ಕುಂಟತೊಡಗಿದ.