ಗುಮಾಸ್ತರ ಮುಖಕ್ಕೆ ಮೂವತ್ತೆರಡು ಚುಕ್ಕಿ

ಬಾಡಿಗೆಗೆ ಕರೆಸಿದ್ದ ನಟನ ದವಡೆ ಅವತ್ತು ಬೆಳಗ್ಗೆಯೇ ಊದಿಕೊಳ್ಳಬೇಕಿತ್ತೆ? ಹಲ್ಲುನೋವಿನಿಂದ ಒಂದು ಕೆನ್ನೆ ಬನ್ನಿನಂತಾಗಿದೆ, ಬರಲಾರೆ ಎಂದು ಅವನು ಫೋನ್ ಮಾಡಿದ. ಸರಿಯಾಗಿ ಅದೇ ಹೊತ್ತಿಗೆ ಗುಮಾಸ್ತರು ರಜೆಯ ಅರ್ಜಿ ಹಿಡಿದು ನಿರ್ದೇಶಕಿಯ ಕೋಣೆಗೆ ಕಾಲಿಟ್ಟರು. ಗ್ರಹಚಾರ ಅಂದರೆ ಅದು.

ಅವರು ಕೆಲಸ ಮಾಡುತ್ತಿದ್ದ ತರಬೇತಿ ಕೇಂದ್ರದಲ್ಲಿ ಆಗ ಒಂದು ಗೊಂಬೆ ತಯಾರಾಗುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ಆಡುವ ಗೊಂಬೆ. ಆಟಿಸಂ ಇರುವ ಕೆಲವರಿಗೆ ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು ಕಷ್ಟ. ಗೊಂಬೆಯಾದರೆ ನಿಧಾನವಾಗಿ ನಗುತ್ತದೆ, ಕೇಳಿದಾಗ ಮತ್ತೆ ನಗುತ್ತದೆ, ಎಷ್ಟು ದಿಟ್ಟಿಸಿದರೂ ಮುಜುಗರಪಡುವುದಿಲ್ಲ. ಆದರೆ ಗೊಂಬೆ ನಗಬೇಕಾದರೆ ಮೊದಲು ಒಬ್ಬ ಮನುಷ್ಯ, ಮುಖಕ್ಕೆ ಚುಕ್ಕಿ ಅಂಟಿಸಿಕೊಂಡು, ಕ್ಯಾಮೆರಾದೆದುರು ನಗಬೇಕು. ಆ ಚುಕ್ಕಿಗಳು ಸರಿದಂತೆಯೇ ಗೊಂಬೆಯ ಮುಖವೂ ಆಡುತ್ತದೆ.

“ನೀವೇ ಕೂತ್ಕೊಳ್ಳಿ,” ಎಂದರು ನಿರ್ದೇಶಕಿ, ಅರ್ಜಿಯನ್ನು ಓದದೆ ಮೇಜಿನ ಮೇಲಿಟ್ಟು.

“ಮೇಡಂ, ನಾಲ್ಕು ದಿನ ರಜೆ ಕೇಳೋಣ ಅಂತ ಬಂದೆ. ತುಂಬಾ ಸುಸ್ತು.”

“ನಿಮ್ಮ ಮುಖ ಯಾವಾಗ್ಲೂ ಹಾಗೇ ಅಲ್ವಾ. ಮೊದ್ಲು ಇದು ಮುಗೀಲಿ, ನೋಡೋಣ.”

ಅದು ಆ ವರ್ಷದ ಐದನೆಯ ಅರ್ಜಿ. ಹಿಂದಿನ ನಾಲ್ಕಕ್ಕೂ ಇದೇ ಉತ್ತರ. ಮನೆಯಲ್ಲಿ ಹೆಂಡತಿ ಅದೇ ಮುಖ ನೋಡಿ “ಯಾಕ್ರೀ, ನನ್ ಮೇಲೆ ಕೋಪಾನಾ?” ಎನ್ನುತ್ತಿದ್ದಳು. ಬರೀ ಸುಸ್ತು ಎಂದರೆ ಯಾರೂ ನಂಬುತ್ತಿರಲಿಲ್ಲ.

ಗೊಂಬೆಗೆ ಚಲನೆ ಕೊಡುವ ಅನಿಮೇಟರ್ ಹುಡುಗ ಗುಮಾಸ್ತರ ಮುಖಕ್ಕೆ ಎಣಿಸಿ ಮೂವತ್ತೆರಡು ಚುಕ್ಕಿ ಅಂಟಿಸಿದ. “ಸಾರ್, ಆರು ಭಾವ ಬೇಕು. ಸಂತೋಷ, ದುಃಖ, ಕೋಪ, ಭಯ, ಆಶ್ಚರ್ಯ, ಹೇಸಿಗೆ. ಮೊದ್ಲು ಸಂತೋಷ ಕೊಡಿ.”

ಗುಮಾಸ್ತರು ಕೊಟ್ಟರು. ಹಿಂಡದೆ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ತುಟಿ ಎರಡೂ ಕಡೆ ಇಳಿಬಿತ್ತು.

ಸುದ್ದಿ ಹಬ್ಬಿ, ಸಹಾಯಕ್ಕೆಂದು ಸ್ವಾಗತಕಾರಿಣಿ ಬಂದಳು. “ನಿಮ್ಮ ಮದುವೆ ದಿನ ನೆನೆಸ್ಕೊಳ್ಳಿ ಸಾರ್.” ಅವರು ನೆನೆಸಿಕೊಂಡರು. ಫೋಟೋಗೆಂದು ಐದು ಗಂಟೆ ನಿಂತಿದ್ದು ನೆನಪಾಗಿ ಮುಖ ಇನ್ನಷ್ಟು ಇಳಿಯಿತು. ಉಗ್ರಾಣದವನು ಭಯ ಹುಟ್ಟಿಸುತ್ತೇನೆಂದು ಅವರ ಕಿವಿಯ ಹಿಂದೆ ಕಾಗದದ ಚೀಲ ಊದಿ ಒಡೆದ. ಗುಮಾಸ್ತರು ನಿಧಾನವಾಗಿ ತಿರುಗಿ, “ಹೇಳಿ, ಏನಾಗ್ಬೇಕಿತ್ತು?” ಎಂದರು. ಹೇಸಿಗೆಗೆಂದು ಮೂರು ದಿನದ ಹಳಸಲು ಊಟದ ಡಬ್ಬಿ ಮೂಗಿಗೆ ಹಿಡಿದಾಗ, ತೊಳೆಯುವುದೂ ತಮ್ಮ ಪಾಲಿಗೇ ಬಂತೇನೋ ಎಂದು ಅದನ್ನು ಇಸಿದುಕೊಂಡು ಸಿಂಕಿನ ಕಡೆ ಹೊರಟರು.

ಮಧ್ಯಾಹ್ನ ಪರೀಕ್ಷಕಿ ಬಂದಳು. ಗ್ರಂಥಾಲಯದಲ್ಲಿ ಕೆಲಸ ಮಾಡುವ ತರುಣಿ. ಅವಳಿಗೇ ಆಟಿಸಂ ಇದ್ದುದರಿಂದ ಅವಳು ಗುರುತಿಸಿದ ಮುಖ ಮಾತ್ರ ಪಾಸು. ಪರದೆಯ ಮೇಲೆ ಎರಡು ಜಡೆಯ ಹುಡುಗಿಗೊಂಬೆ ಮೂಡಿತು, ಮೂವತ್ತು ವರ್ಷ ಫೈಲು ಹೊತ್ತವಳ ಹಾಗೆ.

“ಸುಸ್ತು,” ಎಂದಳು ಪರೀಕ್ಷಕಿ. ಎರಡನೆಯದಕ್ಕೂ ಸುಸ್ತು. ಆರಕ್ಕೂ ಅದೇ.

“ಆ ಪದ ಪಟ್ಟೀಲೇ ಇಲ್ಲಮ್ಮ,” ಎಂದರು ನಿರ್ದೇಶಕಿ.

“ಹಾಗಾದ್ರೆ ಪಟ್ಟಿ ತಪ್ಪು.” ಅವಳು ಗುಮಾಸ್ತರ ಕಡೆ ತಿರುಗಿದಳು. “ನಿಮಗೆ ಸುಸ್ತಾಗಿದೆಯಾ?”

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಗುಮಾಸ್ತರು ತಲೆಯೆತ್ತಿ ಅವಳನ್ನು ನೋಡಿದರು. “ಹೌದಮ್ಮ. ತುಂಬಾ ದಿನದಿಂದ.”

ಅನಿಮೇಟರ್ ನಿರ್ದೇಶಕಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅವರು ಎದ್ದು ಹೋಗಿ ಅರ್ಜಿ ತಂದು, ಎಲ್ಲರೆದುರೇ ಸಹಿ ಹಾಕಿದರು. “ನಾಲ್ಕು ದಿನ ಯಾಕೆ ಗುಮಾಸ್ತರೇ, ಎಂಟು ದಿನ ಹೋಗ್ಬನ್ನಿ.”

ಗುಮಾಸ್ತರು ಸಹಿಯನ್ನು ಎರಡು ಸಲ ಓದಿದರು. ಕಣ್ಣಂಚಿನಲ್ಲಿ ಗೆರೆ ಮೂಡಿತು, ಕೆನ್ನೆ ಮೇಲೆದ್ದಿತು, ಮೂವತ್ತೆರಡು ಚುಕ್ಕಿಗಳೂ ಒಟ್ಟಿಗೆ ಅರಳಿದವು. ಪರದೆಯ ಮೇಲೆ ಗೊಂಬೆ ಹಲ್ಲು ಬಿಟ್ಟು ನಕ್ಕಿತು.

“ಸಂತೋಷ,” ಎಂದಳು ಪರೀಕ್ಷಕಿ, ಥಟ್ಟನೆ.

“ಸಿಕ್ತು ಮೇಡಂ,” ಎಂದ ಅನಿಮೇಟರ್.

ನಿರ್ದೇಶಕಿ ಗುಮಾಸ್ತರ ಕೈಯಿಂದ ಅರ್ಜಿಯನ್ನು ಮೆಲ್ಲಗೆ ಬಿಡಿಸಿಕೊಂಡು, ನೀಟಾಗಿ ಎರಡು ತುಂಡು ಮಾಡಿದರು. “ತಪ್ಪು ತಿಳ್ಕೋಬೇಡಿ. ಈ ತಿಂಗಳು ರಜೆ ಕೊಡೋ ಹಾಗೇ ಇಲ್ಲ. ನಗು ಬರ್ಲಿ ಅಂತ ಹಾಗಂದೆ.”

“ಆಶ್ಚರ್ಯ,” ಎಂದಳು ಪರೀಕ್ಷಕಿ ಪರದೆ ನೋಡುತ್ತ. ಸ್ವಲ್ಪ ತಡೆದು, “ದುಃಖ.”

“ಎರಡೂ ಬಂತು,” ಅನಿಮೇಟರ್ ಗುಂಡಿ ಒತ್ತಿದ.

ಪರೀಕ್ಷಕಿ ಈಗ ನಿರ್ದೇಶಕಿಯನ್ನು ದಿಟ್ಟಿಸಿದಳು. “ಅವ್ರಿಗೆ ಸುಳ್ಳು ಹೇಳಿದ್ರಿ. ಆದ್ರೂ ನಿಮ್ಮ ಮುಖ ಬದಲಾಗ್ಲೇ ಇಲ್ಲ. ನಿಮ್ಮ ಮುಖದಿಂದ ಗೊಂಬೆ ಮಾಡೋಕಾಗಲ್ಲ.”

ನಿರ್ದೇಶಕಿ ಕೆಮ್ಮಿದರು. “ಉಳಿದ ಮೂರು ನಾಳೆ ಮಾಡೋಣ,” ಎಂದು ಬಾಗಿಲತ್ತ ನಡೆದರು.

“ಸಾರ್, ಈಗ್ಲೇ ಕೋಪ ಬಂದ್ರೂ ಬರ್ಲಿ, ಕ್ಯಾಮೆರಾ ಓಡ್ತಿದೆ,” ಎಂದ ಅನಿಮೇಟರ್ ಆಸೆಯಿಂದ.

ಬರಬೇಕಾದದ್ದೇ. ಗುಮಾಸ್ತರೂ ಅದಕ್ಕಾಗಿ ಕಾದು ಕೂತರು. ಆದರೆ ಕೋಪ ಮಾಡಿಕೊಳ್ಳಬೇಕೆಂದರೆ ಕುರ್ಚಿಯಿಂದ ಏಳಬೇಕು, ದನಿ ಎತ್ತಬೇಕು, ಆಮೇಲೆ ಅದನ್ನು ಒಂದಷ್ಟು ಹೊತ್ತು ಹಿಡಿದಿಟ್ಟುಕೊಳ್ಳಲೂಬೇಕು.

“ನಾಳೆ ಎಷ್ಟೊತ್ತಿಗೆ ಬರ್ಲಿ ಮೇಡಂ?” ಎಂದರು.