ಪೋಲೆಂಡಿನ ದಾರಿಯಲ್ಲಿ ಒಂದು ಮಂಕರಿ ಬದನೆಕಾಯಿ

ತೊಂಬತ್ತರ ದಶಕದ ಶುರುವಿನಲ್ಲಿ ಮಾರುಕಟ್ಟೆಯ ವಿಷಯ ನನ್ನಷ್ಟು ತಿಳಿದವರು ಬಂಗಾರಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಹಾಗಂತ ನಾನೇ ನಂಬಿದ್ದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ನಾನು. ಎಲ್ಲದಕ್ಕೂ ಸರ್ಕಾರವೇ ಬೆಲೆ ಕಟ್ಟುತ್ತಿದ್ದ ಪೋಲೆಂಡಿನಂಥ ದೇಶಗಳು ಮಾರುಕಟ್ಟೆಯ ದಾರಿಗೆ ಹೊರಳುವುದು ಹೇಗೆ ಎಂಬುದು ನನ್ನ ಪಿಎಚ್.ಡಿ. ಸಂಶೋಧನೆ.

ಒಮ್ಮೆ ಬೂದಿಕೋಟೆಯ ಮಾವನ ಮನೆಗೆ ಹೋದರೆ ಅವರಿಗೆ ಜ್ವರ. ಕೊಯ್ದಿಟ್ಟ ಬದನೆಕಾಯಿ ಮಂಕರಿಯಲ್ಲೇ ಬಾಡುತ್ತಿತ್ತು.

"ಸಂತೆಗೆ ನಾನೇ ಹೋಗ್ತೀನಿ," ಎಂದೆ.

ಹೆಂಡತಿ ಸಾವಿತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೀ, ಅದು ಪುಸ್ತಕ ಅಲ್ಲ. ಬದನೆಕಾಯಿ."

"ಸಾವಿತ್ರೀ, ಇದು ಕ್ಷೇತ್ರಕಾರ್ಯ!"

ಸೊಪ್ಪು ಮಾರುವ ಮುದುಕಿ ಮುನಿಯಮ್ಮನ ಪಕ್ಕದಲ್ಲಿ ಗೋಣಿ ಹಾಸಿ, ನಾನು ಕಾಲೇಜು ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡು ಕೂತೆ. ಎಳೆಬಿಸಿಲು. ಬೇತಮಂಗಲದ ಕಡೆಯಿಂದ ಬಿಳಿಮೋಡಗಳು ತೇಲಿ ಬರುತ್ತಿದ್ದವು. ನೋಡನೋಡುತ್ತಾ ಅವು ಹಿಮವಾದವು. ವಾರ್ಸಾದ ಬೀದಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಅಜ್ಜಿಯೊಬ್ಬಳು, ಜೀವನದಲ್ಲಿ ಮೊದಲ ಸಲ, ತನ್ನ ಎಲೆಕೋಸಿಗೆ ತಾನೇ ಬೆಲೆ ಹೇಳಲು ಬಾಯಿ ತೆರೆಯುತ್ತಿದ್ದಳು...

"ಬದ್ನೇಕಾಯಿ ಎಂಗೆ ಸಾಮಿ?" ಗಿರಾಕಿಯೊಬ್ಬ ಕೇಳಿದ.

"ಬೆಲೆ ನಾನು ಹೇಳುವಂಥದ್ದಲ್ಲ. ಬೇಡಿಕೆ ಮತ್ತು ಪೂರೈಕೆ ಸಂಧಿಸಿದಾಗ ಅದು ತಾನಾಗಿ ಉದ್ಭವಿಸುತ್ತದೆ."

"ಓ! ಆಮೇಲ್ ಬತ್ತೀನಿ," ಎಂದು ಅವನು ಹಿಂದಹಿಂದಕ್ಕೇ ಸರಿದ.

ಹೀಗೆ ಐದಾರು ಜನ ಬಂದರು. ಐದಾರು ಜನಕ್ಕೂ ಪಾಠ ಮಾಡಿದೆ. ಬೆಲೆ ಉದ್ಭವಿಸಲಿಲ್ಲ. ನಾನು ಮತ್ತೆ ಹಿಮದೊಳಕ್ಕೆ ಹೋದೆ. ಅಜ್ಜಿ ನನ್ನತ್ತ ತಿರುಗಿ ನಕ್ಕಳು. ಮೊಣಕೈಗೆ ಏನೋ ಬೆಚ್ಚಗೆ ತಾಗಿತು.

"ಮೇಷ್ಟ್ರೇ! ಅಸ! ಅಸ!" ಮುನಿಯಮ್ಮ ಕಿರುಚಿದಳು.

ಕಣ್ಣು ಬಿಟ್ಟರೆ ಹಸುವೊಂದು ಮಂಕರಿಯೊಳಗೆ ಮೂತಿ ಇಟ್ಟಿತ್ತು. ಬೇಡಿಕೆ ಬಂದಿತ್ತು! ಪೂರೈಕೆಯೂ ಆಗಿತ್ತು! ಅರ್ಧ ಮಂಕರಿ ಖಾಲಿ.

ಮುನಿಯಮ್ಮ ಹಸುವನ್ನು ಅಟ್ಟಿ, ಮಂಕರಿಯನ್ನು ತನ್ನತ್ತ ಎಳೆದುಕೊಂಡು ಎರಡೇ ಸಲ ಕೂಗಿದಳು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಉಳಿದದ್ದೆಲ್ಲ ಖರ್ಚಾಯಿತು. ಬಂದದ್ದನ್ನು ನನ್ನ ಜೇಬಿಗೆ ತುರುಕಿ ಕೇಳಿದಳು: "ಅಲ್ಲಪ್ಪಾ, ಕಾಲೇಜ್ನಾಗೆ ನೀನೇನು ಕೆಲ್ಸ ಮಾಡೋದು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ವ್ಯಾಪಾರ ಮರೆತುಹೋಗಿರೋ ದೇಶಗಳು ಅದನ್ನ ಮತ್ತೆ ಕಲಿಯೋದು ಹೇಗೆ ಅಂತ ಬರೀತಾ ಇದ್ದೀನಮ್ಮ."

ಆಕೆ ಬಹಳ ಹೊತ್ತು ನನ್ನನ್ನೇ ನೋಡಿದಳು. ಆ ಕಣ್ಣಲ್ಲಿ ಅದೆಷ್ಟು ಕರುಣೆ! ನನ್ನ ಮೇಲೆ ಅಂದುಕೊಂಡೆ.

"ಪಾಪ," ಎಂದಳು, "ಆ ದೇಸ್ದೋರು."